ಚಿಕ್ಕಹನುಮಯ್ಯನವರ ಕೀಬೋರ್ಡ್ ವಾಲಗ

ಬೇಗಡೆ ರಾಗದ ಒಂದೇ ಒಂದು ನಿಷಾದಕ್ಕಾಗಿ ನನ್ನ ಅಂಗಡಿಯ ಅರ್ಧ ಜಾಗ ಇಪ್ಪತ್ತೆರಡು ದಿನ ಹೋಗಿತ್ತು.

ಅಂಗಡಿಯೇನೂ ಅರಮನೆಯಲ್ಲ. ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಗೆ ಮುಖ ಮಾಡಿಕೊಂಡಿರುವ, ಹತ್ತಡಿ ಅಗಲದ ಮೈಕ್‌ಸೆಟ್ ಅಂಗಡಿ. ಆಂಪ್ಲಿಫೈಯರು, ಸ್ಪೀಕರ್ ಬಾಕ್ಸು, ವೈರಿನ ಸುರುಳಿ, ಸ್ಟ್ಯಾಂಡುಗಳನ್ನೆಲ್ಲ ಒತ್ತರಿಸಿ ಇಟ್ಟ ಮೇಲೆ ಒಬ್ಬ ಮನುಷ್ಯ ಕೈ ಚಾಚಿ ಆಕಳಿಸುವಷ್ಟು ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಒಂದು ಕೀಬೋರ್ಡು, ಒಂದು ಸ್ಟೂಲು, ಸ್ಟೂಲಿನ ಮೇಲೆ ಚಿಕ್ಕಹನುಮಯ್ಯನವರು. ಗಿರಾಕಿ ಬಂದರೆ ನಾನು ಫುಟ್‌ಪಾತಿನಲ್ಲಿ ನಿಂತು ಮಾತಾಡಬೇಕು. ಹೊರಗೆ ಬಸ್ಸಿನ ಹಾರನ್ನು, ಒಳಗೆ ಆ ನಿಷಾದ. ಕುಂಯ್, ಕುಂಯ್, ಕುಂಯ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದೊಂದೇ ಸ್ವರ.

"ಅಣ್ಣಾ, ಸಾಕು ಬಿಡಿ. ಬಂತಲ್ಲ."

"ಎಲ್ಲೋ ಬಂತು? ಕಿವೀಗೆ ಹತ್ತಿ ಇಟ್ಕೊಂಡಿದೀಯಾ?"

"ನಿನ್ನೆ ಬಂದಿದ್ದಕ್ಕೂ ಇವತ್ತು ಬಂದಿದ್ದಕ್ಕೂ ಏನ್ ವ್ಯತ್ಯಾಸ ಹೇಳಿ?"

"ನಿನ್ನೆ ಬಂದಿದ್ದು ತಪ್ಪು. ಇವತ್ತು ಬಂದಿದ್ದು ಬೇರೆ ತಪ್ಪು."

ಇಂಥವರ ಜೊತೆ ಏನು ಮಾತಾಡುವುದು? ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಸಂಗೀತ ಕಲಿತವನೂ ಅಲ್ಲ. ಮೂವತ್ತೈದು ವರ್ಷ ಮದುವೆ ಮನೆಗಳಲ್ಲಿ ಮೈಕು ಇಟ್ಟು ಇಟ್ಟು ಕಿವಿಗೆ ಬಿದ್ದದ್ದಷ್ಟೇ ನನಗೆ ಗೊತ್ತು. ಆದರೆ ಅಷ್ಟು ವರ್ಷ ಕಿವಿಗೆ ಬಿದ್ದದ್ದರಲ್ಲಿ ಮುಕ್ಕಾಲು ಪಾಲು ಈ ಮನುಷ್ಯನ ನಾದಸ್ವರವೇ. ಅದಕ್ಕೇ ಅವರನ್ನು ಹೊರಗೆ ಹಾಕಲೂ ಆಗಲಿಲ್ಲ.

ಚಿಕ್ಕಹನುಮಯ್ಯನವರು ಹೆಗ್ಗನಹಳ್ಳಿಯವರು. ಈಗ ಅರವತ್ತಾರು ವರ್ಷ. ಅಪ್ಪ, ತಾತ ಎಲ್ಲರೂ ವಾಲಗದವರು. ಇವರು ಮಾತ್ರ ರಾಜಾಜಿನಗರದಲ್ಲಿ ನಟ್ಟು ಬೋಲ್ಟು ಮಾಡುವ ಕಾರ್ಖಾನೆಗೆ ಸೇರಿ, ಅದರ ಜೊತೆಗೇ ವಾಲಗವನ್ನೂ ನಡೆಸಿಕೊಂಡು ಬಂದರು. ಲಗ್ನದ ತಿಂಗಳು ಬಂತೆಂದರೆ ರಜೆ ಅರ್ಜಿ. ಅರ್ಜಿಯಲ್ಲಿ ಕಾರಣ ಯಾವಾಗಲೂ ಎರಡೇ ಪದ: "ಮುಹೂರ್ತ ಇದೆ." ಯಾರದು ಎಂದು ಬರೆಯುತ್ತಿರಲಿಲ್ಲ. ಅಲ್ಲಿನ ಫೋರ್‌ಮನ್ ಒಮ್ಮೆ, "ಹನುಮಯ್ಯ, ಈ ವರ್ಷ ಇದು ನಿಂಗೆ ಹದಿನೇಳನೇ ಮದುವೆ ಕಣಯ್ಯ. ಮನೇಲಿ ಜಾಗ ಇದೆಯಾ?" ಎಂದು ಕೇಳಿದ್ದನಂತೆ. ಇವರು ನಗಲಿಲ್ಲವಂತೆ. ಸಂಗೀತದ ವಿಷಯಕ್ಕೆ ಇವರು ನಕ್ಕಿದ್ದನ್ನು ನಾನೂ ನೋಡಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕುಡಿಯುತ್ತಿದ್ದ ಕಾಫಿ ಬಾಯಿಯ ಬಲಗಡೆಯಿಂದ ಸೋರಿ ಅಂಗಿಗೆ ಬಿತ್ತು. ಹೆಂಡತಿ ಮುನಿತಾಯಮ್ಮ, "ಚಿಕ್ಕ ಮಗು ಥರ ಚೆಲ್ಕೊಂತೀರಲ್ಲ," ಎಂದು ಬೈಯುತ್ತಾ ತಿರುಗಿ ನೋಡಿದರೆ ಅರ್ಧ ಮುಖವೇ ಜೋತುಬಿದ್ದಿತ್ತು. ಮುಖದ ನರದ ತೊಂದರೆ ಎಂದರು ಡಾಕ್ಟರು. ಮಾತ್ರೆ, ಕರೆಂಟು ಕೊಡುವುದು, ಮುಖ ತಿಕ್ಕುವುದು ಎಲ್ಲ ಆಗಿ ಆರು ತಿಂಗಳಲ್ಲಿ ಬಹುಪಾಲು ಸರಿಹೋಯಿತು. ಆದರೆ ತುಟಿ ಪೂರ್ತಿ ಬಿಗಿಯಾಗಿ ಮುಚ್ಚುವುದಿಲ್ಲ. ಮಾತಿಗೆ ಸಾಕು, ಊಟಕ್ಕೆ ಸಾಕು, ಬೈಯುವುದಕ್ಕಂತೂ ಧಾರಾಳ ಸಾಕು. ನಾದಸ್ವರದ ತುದಿಯ ಪೀಪಿಯನ್ನು ತುಟಿಯಲ್ಲಿ ಹಿಡಿದು ಊದುವುದಕ್ಕೆ ಮಾತ್ರ ಸಾಲದು. ಗಾಳಿ ಬಲಗಡೆಯಿಂದ ಪುಸ್ಸೆಂದು ಹೊರಟುಹೋಗುತ್ತದೆ.

ಇವರು ನಿಲ್ಲಿಸಿದ್ದೇ ತಡ, ಜೊತೆಗೆ ಎರಡನೇ ನಾದಸ್ವರ ಊದುತ್ತಿದ್ದ ತಮ್ಮ ಮಹದೇವ್ ಕೆಂಗೇರಿಯಲ್ಲಿ ತರಕಾರಿ ಅಂಗಡಿ ಹಾಕಿಕೊಂಡ. ಡೋಲಿನವನು ಯಾವುದೋ ಬ್ಯಾಂಡ್ ಸೆಟ್ಟು ಸೇರಿದ. ಮೇಳ ಮುಗಿಯಿತು.

ಆ ಕೀಬೋರ್ಡು ತಂದುಕೊಟ್ಟವಳು ಮಗಳು ಚೇತನಾ. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಕೂರುವ ಹುಡುಗಿ. ಯಾವುದೋ ಆರ್ಕೆಸ್ಟ್ರಾದವರು ಮಾರಿದ್ದನ್ನು ತಂದು, "ಅಪ್ಪ ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರೆ ಅಂಕಲ್. ಏನೋ ಟೈಂಪಾಸ್ ಆಗ್ಲಿ ಅಂತ," ಎಂದಳು. ಟೈಂಪಾಸ್! ಪುಣ್ಯಾತ್ಗಿತ್ತಿ, ಪಾಸಾಗಿದ್ದು ನನ್ನ ಟೈಮು. ಬೆಳಿಗ್ಗೆ ಐದಕ್ಕೇ ಎದ್ದು ಅಭ್ಯಾಸ ಶುರು ಮಾಡುತ್ತಿದ್ದರೆಂದು ಮುನಿತಾಯಮ್ಮ ಒಂದು ದಿನ ಆಟೋದಲ್ಲಿ ಕೀಬೋರ್ಡನ್ನು ಮಲಗಿಸಿಕೊಂಡು ನನ್ನ ಅಂಗಡಿಗೇ ಬಂದುಬಿಟ್ಟರು.

"ಸೀನಪ್ಪ, ನಿನ್ ಕಾಲಿಗೆ ಬೀಳ್ತೀನಿ. ಈ ಪೆಟ್ಗೆ ಇಲ್ಲಿಟ್ಕೊ. ಅಕ್ಕಪಕ್ಕದೋರು ನಮ್ಮನೇಲಿ ಯಾರೋ ಬಾಣಂತಿ ಇದಾಳೆ ಅಂದ್ಕೊಂಡಿದಾರೆ."

"ಇಲ್ಲೆಲ್ಲಿ ಇಡ್ಲಿ ಅಕ್ಕಾ, ನನ್ ತಲೆ ಮೇಲಾ?"

"ಎಲ್ಲಾದ್ರೂ ಇಡಪ್ಪ. ಅವ್ರು ಹಿಂದೆ ಬಸ್ಸಲ್ಲಿ ಬರ್ತಾ ಇದಾರೆ," ಎಂದು ಹೊರಟೇಹೋದರು.

ಹೀಗೆ ಶುರುವಾಯಿತು. ಆ ಕೀಬೋರ್ಡಿನಲ್ಲಿ ಐನೂರು ವಾದ್ಯ ಇದೆ. ಪಿಯಾನೋ, ಪಿಟೀಲು, ಕೊಳಲು, ಏನು ಬೇಕು ಅದು. ಆದರೆ ನಾದಸ್ವರ ಇಲ್ಲ. ಶಹನಾಯಿ ಎಂದು ಬರೆದಿರುವುದನ್ನು ಒತ್ತಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಕೇಳುತ್ತದೆ. ಚಿಕ್ಕಹನುಮಯ್ಯನವರು ಒಂದು ವಾರ ಐನೂರನ್ನೂ ಒಂದೊಂದಾಗಿ ಒತ್ತಿ ನೋಡಿದರು. ಕೊನೆಗೆ ಮೂರು ವಿಲಾಯಿತಿ ವಾದ್ಯಗಳ ಶಬ್ದವನ್ನು ಒಂದರ ಮೇಲೊಂದು ಕೂಡಿಸಿ ನುಡಿಸಿ, "ಹತ್ರ ಬಂತು. ಆದ್ರೆ ಉಸಿರಿಲ್ಲ ಕಣೋ ಇದ್ರಲ್ಲಿ," ಎಂದರು. ಉಸಿರನ್ನು ಎಲ್ಲಿಂದ ತರುವುದು? ಪಕ್ಕದ ಪಂಕ್ಚರ್ ಅಂಗಡಿಯಿಂದ ಸೈಕಲ್ ಪಂಪು ತಂದು, ಮೈಕಿನ ಮುಂದೆ ಪುಸ್ ಪುಸ್ ಎಂದು ಹೊಡೆದು, ಆ ಗಾಳಿಯನ್ನು ರೆಕಾರ್ಡು ಮಾಡಿ, ಪೆನ್‌ಡ್ರೈವಿನಿಂದ ಕೀಬೋರ್ಡಿಗೆ ಹಾಕಿ, ಪ್ರತಿ ಸ್ವರದ ಮೊದಲಿಗೆ ಅಂಟಿಸಿದೆವು. ನಲವತ್ತು ಸಲ ಹೊಡೆದೆ. ಭುಜ ಬಿದ್ದುಹೋಯಿತು.

"ಈಗ ಸರಿಯಾ?"

"ಇದು ಚಿಕ್ಕ ವಯಸ್ಸಿನೋನ ಉಸಿರು. ಸ್ವಲ್ಪ ನಿಧಾನಕ್ಕೆ ಹೊಡಿ."

ಪಂಪನ್ನು ಅವರ ಕೈಗೆ ಕೊಟ್ಟು ಟೀ ಕುಡಿಯಲು ಹೋದೆ.

ಮೇಳವೆಂದರೆ ಒಂದೇ ನಾದಸ್ವರವಲ್ಲವಲ್ಲ. ಎರಡನೆಯದು ಬೇಕು, ಶ್ರುತಿ ಬೇಕು, ಡೋಲು ಬೇಕು, ತಾಳ ಬೇಕು. ಕೀಬೋರ್ಡಿನ ಎಡಗಡೆಯ ಕೀಗಳಿಗೆ ಡೋಲಿನ ಪೆಟ್ಟು, ತಾಳದ ಝಣ್ಣನ್ನು ಹಾಕಿದೆವು. ಬಲಗಡೆ ನಾದಸ್ವರ. ಡೋಲಿನ ನಡೆಯನ್ನು ತುಂಬಿಸಿಟ್ಟರೆ ಅದರಷ್ಟಕ್ಕೆ ಅದು ಸುತ್ತುತ್ತಾ ಇರುತ್ತದೆ, ಇವರು ಮೇಲೆ ನುಡಿಸುತ್ತಾ ಹೋಗಬಹುದು. ಎರಡನೇ ನಾದಸ್ವರ ನೆರಳಿನ ಹಾಗೆ ಒಂದು ಚೂರು ಹಿಂದೆ ಬರುವಂತೆ ಮಾಡಿಕೊಟ್ಟೆ. ಒಂದು ದಿನಕ್ಕೆ ಮುಗಿಯುವ ಕೆಲಸ. ಮುಗಿಯಿತೇ? ಇಲ್ಲ.

"ಮಹದೇವ ಮೇಲಿನ ಷಡ್ಜಕ್ಕೆ ಹೋದಾಗ ಒಂದು ಕೂದಲೆಳೆ ಕೆಳಗೇ ನಿಲ್ತಿದ್ದ. ಇದು ಸೀದಾ ಹೋಗಿ ನಿಲ್ತಾ ಇದೆ."

"ಒಳ್ಳೇದೇ ಆಯ್ತಲ್ಲ ಅಣ್ಣಾ! ನಿಮ್ ತಮ್ಮಂಗಿಂತ ಮೆಷಿನ್ನೇ ಶ್ರುತಿಯಾಗಿದೆ."

"ನಂಗೆ ಮೆಷಿನ್ ಬೇಡ, ಮಹದೇವ ಬೇಕು. ಒಂದು ಚೂರು ಇಳಿಸು."

ತಮ್ಮನ ತಪ್ಪನ್ನೂ ತಯಾರು ಮಾಡಿ ಹಾಕಬೇಕಾಯಿತು ನಾನು! ಆ ಮಹದೇವ್ ಒಮ್ಮೆ ಅಂಗಡಿಗೆ ಬಂದಾಗ ಕೇಳಿಸಿದೆ. "ನಾನೆಲ್ಲಿ ಅಷ್ಟು ಇಳಿತಿದ್ದೆ?" ಎಂದು ಕೋಪ ಮಾಡಿಕೊಂಡು, ತಂದಿದ್ದ ನುಗ್ಗೆಕಾಯನ್ನೂ ಕೊಡದೆ ವಾಪಸು ತೆಗೆದುಕೊಂಡು ಹೋದ.

ಇನ್ನು ಬೇಗಡೆಯ ನಿಷಾದ. ಅದು ಬಿಳಿ ಕೀಯಲ್ಲೂ ಇಲ್ಲವಂತೆ, ಕಪ್ಪು ಕೀಯಲ್ಲೂ ಇಲ್ಲವಂತೆ, ಎರಡರ ಸಂದಿಯಲ್ಲಿ ಇದೆಯಂತೆ. ಕೀಬೋರ್ಡಿನ ಎಡ ಮೂಲೆಯಲ್ಲಿ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಿಕ್ಕ ಚಕ್ರವೊಂದಿರುತ್ತದೆ. ಸಿನಿಮಾ ಹಾಡು ನುಡಿಸುವವರು ಅದನ್ನು ಅಪರೂಪಕ್ಕೆ ಒಮ್ಮೆ ಮುಟ್ಟುತ್ತಾರೆ. ಇವರು ಅದರ ಮೇಲಿನಿಂದ ಹೆಬ್ಬೆರಳು ತೆಗೆಯುವುದೇ ಇಲ್ಲ. ಹೆಬ್ಬೆರಳಿಗೆ ಬೊಬ್ಬೆ ಬಂತು. ಬೊಬ್ಬೆಗೆ ಪ್ಲಾಸ್ಟರು ಸುತ್ತಿದರೆ ಜಾರುವುದು ಸರಿಯಾಗುತ್ತಿಲ್ಲ ಎಂದು ಕಿತ್ತುಹಾಕಿದರು. ಇಪ್ಪತ್ತೆರಡನೇ ದಿನ ಮಧ್ಯಾಹ್ನ ಏನೋ ಆಯಿತು. ನಾನು ಸೋಲ್ಡರ್ ಹಾಕುತ್ತಿದ್ದವನು ತಲೆಯೆತ್ತಿದೆ. ಮೊದಲು ಮದುವೆ ಮನೆಗಳಲ್ಲಿ, ಇವರು ಕಣ್ಣು ಮುಚ್ಚಿ ಊದುವಾಗ, ಎಲೆ ಹಾಕುವವರು ಕೂಡ ಒಂದು ಗಳಿಗೆ ನಿಲ್ಲುತ್ತಿದ್ದರಲ್ಲ, ಅದು ಬಂದಿತ್ತು. ಬಂತು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬೇರೆ ತಪ್ಪು ಹುಡುಕುತ್ತಿದ್ದರು.

ಇಷ್ಟೆಲ್ಲ ಯಾಕೆ ಎಂದರೆ, ಕೆಂಪಯ್ಯನವರ ಮನೆ ಮದುವೆಗೆ.

ಕೆಂಪಯ್ಯನವರು ಹೆಗ್ಗನಹಳ್ಳಿಯ ಹಳೆಯ ಒಕ್ಕಲು. ಹೊಲವೆಲ್ಲ ಈಗ ಸೈಟು, ಕಟ್ಟಡ, ಬಾಡಿಗೆ. ಆದರೂ ಮೂರು ತಲೆಮಾರಿನಿಂದ ಆ ಮನೆಯ ಶುಭಕಾರ್ಯ ಯಾವುದೇ ಇರಲಿ, ವಾಲಗ ಚಿಕ್ಕಹನುಮಯ್ಯನವರ ಮನೆಯವರದೇ. ಕಾರ್ಯ ಗೊತ್ತಾದ ಕೂಡಲೇ, ನೆಂಟರಿಗೆ ಹೇಳುವುದಕ್ಕೂ ಮೊದಲು, ಮನೆಯ ಹಿರಿಯ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ವಾಲಗದವರಿಗೆ ವೀಳ್ಯ ಕೊಡಬೇಕು. ಅದು ಪದ್ಧತಿ. ಕೆಂಪಯ್ಯನವರ ಮೊಮ್ಮಗಳು ಕೀರ್ತನಾಳ ಮದುವೆ ಗೊತ್ತಾದಾಗ ಮುದುಕರು ವೀಳ್ಯದ ತಟ್ಟೆ ಹಿಡಿದು ನಡೆದುಕೊಂಡೇ ಹೋಗಿ ಕೊಟ್ಟುಬಂದುಬಿಟ್ಟಿದ್ದರು. ಬಾಯಿ ಸೊಟ್ಟಗಾದದ್ದು ಅವರಿಗೂ ಗೊತ್ತಿತ್ತು. "ನೀನು ಏನಾದ್ರೂ ಮಾಡು ಹನುಮಯ್ಯ, ಬೇರೆಯೋರ ವಾಲಗದಲ್ಲಿ ನಮ್ ಹುಡ್ಗಿ ಕುತ್ಗೆಗೆ ತಾಳಿ ಬೀಳ್ಬಾರ್ದು," ಎಂದರಂತೆ.

ಮಗ ಮೋಹನ್ ಕುಮಾರ್ ಕೇಳುವ ಪೈಕಿಯಲ್ಲ. ಹೆಣ್ಣಿನ ತಂದೆ ಅವನು, ಅವನ ಲೆಕ್ಕವೇ ಬೇರೆ. ಮದುವೆ ಮೈಕಿಗೆ ಹೇಳಲು ನನ್ನ ಅಂಗಡಿಗೆ ಬಂದವನು ಸ್ಟೂಲಿನ ಮೇಲೆ ಇವರನ್ನು ಕಂಡು ಅಲ್ಲೇ ಶುರು ಮಾಡಿದ.

"ನೋಡಿ ಹನುಮಯ್ಯನೋರೇ, ಬೇಜಾರ್ ಮಾಡ್ಕೋಬೇಡಿ. ಚೆಂಡೆಯೋರು ಬರ್ತಾರೆ, ಬ್ಯಾಂಡ್ ಇದೆ. ಅಪ್ಪನ ಮಾತಿಗೆ ಮುಹೂರ್ತ ಮಾತ್ರ ನಿಮ್ಗೆ ಬಿಟ್ಟಿದೀನಿ. ಕೀಬೋರ್ಡ್ ವಾಲಗ ಅಂದ್ರೆ ಬೀಗ್ರು ಏನಂದ್ಕೊಂತಾರೋ ದೇವ್ರಿಗೇ ಗೊತ್ತು."

"ಕೇಳಿ ಆಮೇಲೆ ಅಂದ್ಕೊಳ್ಳಿ," ಎಂದರು ಇವರು.

"ಒಂದು ಚೂರು ಹೆಚ್ಚುಕಮ್ಮಿ ಆದ್ರೂ ಬರೋ ತಿಂಗ್ಳು ಗೃಹಪ್ರವೇಶಕ್ಕೆ ಬೇರೆಯೋರಿಗೇ ವೀಳ್ಯ. ಅಪ್ಪಂಗೂ ಹೇಳಿದೀನಿ, ಒಪ್ಕೊಂಡಿದಾರೆ. ಆಮೇಲೆ ನಮ್ಮನೆ ಕಡೆ ವಾಲಗದ ಮಾತು ಎತ್ತೋ ಹಾಗಿಲ್ಲ."

ಚಿಕ್ಕಹನುಮಯ್ಯನವರು ಬೊಬ್ಬೆಯೆದ್ದ ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡು ಕೂತರು. ಉಳಿದಿದ್ದದ್ದು ಅದೊಂದೇ ಮನೆ. ಅದೂ ಹೋದರೆ ಇವರು ವಾಲಗದವರು ಎನ್ನುವುದಕ್ಕೆ ಹೆಗ್ಗನಹಳ್ಳಿಯಲ್ಲಿ ಸಾಕ್ಷಿಯೇ ಇರುವುದಿಲ್ಲ. ಪಿಂಚಣಿ ತೆಗೆದುಕೊಳ್ಳುವ, ಬಾಯಿ ಸೊಟ್ಟಗಿರುವ ಒಬ್ಬ ಮುದುಕ, ಅಷ್ಟೇ.

ಅವನು ಹೋದ ಮೇಲೆ ನಾನು ಸಮಾಧಾನವಾಗಿಯೇ ಹೇಳಿದೆ. ನನ್ನ ಹತ್ತಿರ ಇವರದೇ ಹಳೆಯ ಕ್ಯಾಸೆಟ್ಟುಗಳಿವೆ. ಮೊದಲು ನನ್ನ ಮೈಕಿನಲ್ಲೇ ನುಡಿಸಿದ್ದು, ನಾನೇ ತುಂಬಿಸಿಟ್ಟಿದ್ದು. ಅದನ್ನೇ ಹಾಕಿಬಿಡೋಣ, ಕೀಬೋರ್ಡಿನ ಮೇಲೆ ಸುಮ್ಮನೆ ಕೈಯಾಡಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಕಣ್ಣು ಕೆಂಪಗೆ ಮಾಡಿಕೊಂಡರು.

"ಅದು ಯಾರದೋ ಮದ್ವೆಗೆ ನುಡಿಸಿದ್ದು ಕಣೋ. ಆ ಮದ್ವೇಲೇ ಮುಗಿದೋಯ್ತು ಅದು. ಒಬ್ರ ಮದ್ವೆ ವಾಲಗ ಎತ್ಕೊಂಡೋಗಿ ಇನ್ನೊಬ್ರ ತಾಳಿಗೆ ಹಾಕ್ತಾರೇನೋ?"

"ಹಾಕಿದ್ರೆ ಏನಾಗುತ್ತೆ? ಪೊಲೀಸ್ ಬರ್ತಾರಾ?"

"ಥೂ!" ಎಂದರು. ಬಲಗಡೆಯಿಂದ ಒಂದು ಹನಿ ನನ್ನ ಮಿಕ್ಸರಿನ ಮೇಲೇ ಬಿತ್ತು. ಒರೆಸಿಕೊಂಡೆ.

ಮದುವೆಯ ಹಿಂದಿನ ದಿನ ಸಾಯಂಕಾಲ ಅಂಗಡಿಯಲ್ಲಿ ಪೂರ್ತಿ ಮುಹೂರ್ತವನ್ನು ಮತ್ತೆ ಮತ್ತೆ ನುಡಿಸಿ ನೋಡಿದರು. ಹೆಣ್ಣು ಬರುವುದಕ್ಕೆ ಕಲ್ಯಾಣಿ, ಧಾರೆಗೆ ಬೇಗಡೆ, ಆಮೇಲೆ ಗಟ್ಟಿಮೇಳ, ಆಮೇಲೆ ಆನಂದಭೈರವಿ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಇವರು ಡೋಲಿನ ನಡೆ ಬದಲಿಸುವ ಗುಂಡಿಯನ್ನು ಒಂದು ಕ್ಷಣ ಮುಂಚೆಯೋ ಒಂದು ಕ್ಷಣ ತಡವಾಗಿಯೋ ಒತ್ತುತ್ತಿದ್ದರು. ನಡೆಯುತ್ತಿದ್ದ ಡೋಲು ತಾಳದ ನಡುವೆ ಮುಗ್ಗರಿಸುತ್ತಿತ್ತು. ಪ್ರತಿ ಸಲವೂ ತಮ್ಮ ತಲೆಗೆ ತಾವೇ ಹೊಡೆದುಕೊಂಡು, "ತಾಳ ಮುರಿಬಾರ್ದು, ತಾಳ ಮುರಿಬಾರ್ದು," ಎಂದು ಗೊಣಗುತ್ತಿದ್ದರು. ಹತ್ತು ಸಲ ಕೇಳಿದೆ. ಹನ್ನೊಂದನೇ ಸಲ ನನ್ನ ತಲೆಯೇ ಕೆಟ್ಟಿತು.

ಅವರು ಮನೆಗೆ ಹೋದ ಮೇಲೆ ನಾನೊಂದು ಉಪಕಾರ ಮಾಡಿದೆ. ಕೀಬೋರ್ಡಿನಲ್ಲಿ ಸಿಂಕ್ ಎಂಬ ಗುಂಡಿ ಇದೆ. ಅದನ್ನು ಹಾಕಿದರೆ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತುತ್ತದೆ. ಆಮೇಲೆ ನಾವು ಯಾವಾಗ ಏನೇ ಒತ್ತಿದರೂ ಅದು ತಕ್ಷಣ ಶುರುವಾಗುವುದಿಲ್ಲ. ನಡೆಯುತ್ತಿರುವ ತಾಳದ ಸುತ್ತು ಮುಗಿಯುವವರೆಗೆ ಕಾದು, ಸರಿಯಾಗಿ ಮುಂದಿನ ಸುತ್ತಿನ ಮೊದಲ ಪೆಟ್ಟಿಗೇ ಶುರುವಾಗುತ್ತದೆ. ತಾಳ ಮುರಿಯುವ ಮಾತೇ ಇಲ್ಲ. ಬಟನ್ ಒತ್ತಿ, ದೀಪ ಹತ್ತಿದ್ದನ್ನು ನೋಡಿ, ಬಟ್ಟೆ ಮುಚ್ಚಿ, ಪ್ಯಾಕು ಮಾಡಿದೆ. ಬೆಳಿಗ್ಗೆ ಹೇಳೋಣ ಎಂದುಕೊಂಡೆ.

ಬೆಳಿಗ್ಗೆ ಎಲ್ಲಿ ಹೇಳುವುದು? ಛತ್ರ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹತ್ತಿರ. ಒಳಗೆ ಕಾಲಿಟ್ಟರೆ ನಾನು ಹೇಳಿದ್ದ ಪ್ಲಗ್ ಪಾಯಿಂಟಿನ ಮುಂದೆ ಎರಡಾಳೆತ್ತರದ ಹೂವಿನ ನವಿಲು. ಅದನ್ನು ಸರಿಸು ಎಂದರೆ ಡೆಕೋರೇಷನ್ನಿನವನು ಸರಿಸಲ್ಲ ಎಂದ. ಅವನ ಜೊತೆ ಜಗಳ. ವಾಲಗದವರಿಗೆ ಎಂದು ಮಂಟಪದ ಎಡಗಡೆ ಹಾಕಿದ್ದ ಮಣೆಯ ಮುಂದೆ ವಿಡಿಯೋದವರು ಕೊಡೆಯಂಥ ದೀಪ ನಿಲ್ಲಿಸಿಬಿಟ್ಟಿದ್ದರು. ಆ ಜಾಗದಲ್ಲಿ ಕೂತರೆ ಪುರೋಹಿತರ ಕೈ ಕಾಣಬೇಕು. ಕಾಣದಿದ್ದರೆ ವಾಲಗದವನು ಕುರುಡ.

"ಸ್ವಲ್ಪ ಆ ಕಡೆ ಇಡಪ್ಪ. ಅಯ್ಯನೋರ ಕೈ ಕಾಣ್ಬೇಕು ನಮ್ಗೆ."

"ಲೈಟ್ ಅಲ್ಲಿಟ್ರೆ ಹುಡ್ಗಿ ಮುಖ ಕಪ್ ಬರುತ್ತೆ ಅಣ್ಣ."

"ಹುಡ್ಗಿ ಮುಖ ಬೆಳ್ಳಗ್ ಬಂದು ಗಟ್ಟಿಮೇಳ ಬರ್ಲಿಲ್ಲ ಅಂದ್ರೆ ನಿನ್ ಮುಖ ಕಪ್ ಮಾಡ್ತೀನಿ ನಾನು!"

ಕೂಗಾಡಿದ ಮೇಲೆ ಒಂದಡಿ ಸರಿಸಿದ. ಈ ಗಲಾಟೆಯಲ್ಲಿ ಸಿಂಕ್ ಗುಂಡಿಯ ವಿಷಯ ನನ್ನ ತಲೆಯಿಂದ ಪೂರ್ತಿ ಹಾರಿಹೋಗಿತ್ತು.

ಚಿಕ್ಕಹನುಮಯ್ಯನವರು ರೇಷ್ಮೆ ಶಲ್ಯ ಹೊದ್ದು, ಹಣೆಗೆ ಇಟ್ಟುಕೊಂಡು ಬಂದು, ಕೀಬೋರ್ಡಿಗೆ ಕೈಮುಗಿದು ಕೂತರು. ಕಲ್ಯಾಣಿ ಶುರುವಾದಾಗ ಬೀಗರ ಕಡೆಯವರು ತಿರುಗಿ ನೋಡಿದರು. ನಾದಸ್ವರ ಎಲ್ಲಿ ಎಂದು ಹುಡುಕಿ, ಕೀಬೋರ್ಡು ಕಂಡು, ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡರು. ನಗಲಿಲ್ಲ. ಮಂಟಪದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮೋಹನ್ ಕುಮಾರ್ ಕಟ್ಟಿದ್ದ ಕೈ ಬಿಟ್ಟ. ಧಾರೆ ಎರೆಯುವ ಹೊತ್ತಿಗೆ ಬೇಗಡೆ ಬಂತು. ನಿಷಾದವೂ ಬಂತು. ಇಪ್ಪತ್ತೆರಡು ದಿನದ ನಿಷಾದ! ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಕೆಂಪಯ್ಯನವರು ಕಣ್ಣು ಮುಚ್ಚಿ ತಲೆದೂಗಿದರು. ನಾನು ಮಿಕ್ಸರಿನ ಹಿಂದೆ ನಿಂತು, ಪರವಾಗಿಲ್ಲ ಇನ್ನು, ಎಂದುಕೊಂಡೆ.

ಗಟ್ಟಿಮೇಳ ಯಾಕೆ ಹೊಡೆಯುತ್ತಾರೆ ಎಂದು ಈಗಿನವರಿಗೆ ಗೊತ್ತಿದೆಯೋ ಇಲ್ಲವೋ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರಾದರೂ ಸೀನಿದರೆ, ಯಾವುದಾದರೂ ಕೆಟ್ಟ ಮಾತು ಬಂದರೆ, ಅದು ಹೆಣ್ಣುಗಂಡಿನ ಕಿವಿಗೆ ಬೀಳಬಾರದು. ಅದಕ್ಕೇ ಪುರೋಹಿತರು ಕೈಯೆತ್ತಿದ ಕೂಡಲೇ ವಾಲಗದವರು ನುಡಿಸುತ್ತಿದ್ದುದನ್ನು ಎಲ್ಲಿತ್ತೋ ಅಲ್ಲೇ ಬಿಟ್ಟು, ರಾಗ ತಾಳ ಒಂದೂ ನೋಡದೆ, ಛತ್ರ ಕಿತ್ತುಹೋಗುವ ಹಾಗೆ ಬಾರಿಸಬೇಕು. ವಾಲಗದಲ್ಲಿ ತಾಳ ಮುರಿಯಲೇಬೇಕಾದ ಜಾಗ ಅದೊಂದೇ.

ಪುರೋಹಿತರು ಕೈಯೆತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!"

ಇವರು ಗಟ್ಟಿಮೇಳದ ಗುಂಡಿ ಒತ್ತಿದರು. ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಕೀಬೋರ್ಡು ತನ್ನಷ್ಟಕ್ಕೆ ಬೇಗಡೆಯ ಡೋಲನ್ನೇ ನಿಧಾನವಾಗಿ ನುಡಿಸುತ್ತಾ ಹೋಯಿತು. ಟಕ್ ಟಕ್ ಧಿಂ. ನಾನು ನೋಡುತ್ತೇನೆ, ಕೆಂಪು ದೀಪ. ನಾನೇ ಹಾಕಿದ್ದ ಸಿಂಕ್! ಆಗಷ್ಟೇ ಸುತ್ತು ಶುರುವಾಗಿತ್ತು, ಅದು ಮುಗಿಯಲು ಇನ್ನೂ ಏಳೆಂಟು ಸೆಕೆಂಡು ಬೇಕು. ಮದುಮಗ ತಾಳಿ ಹಿಡಿದ ಕೈಯನ್ನು ಕೀರ್ತನಾಳ ಕುತ್ತಿಗೆಯ ಹಿಂದೆ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. "ಗಟ್ಟಿಮೇಳ ರೀ!" ಎಂದು ಪುರೋಹಿತರು ಮತ್ತೆ ಕೂಗುತ್ತಿದ್ದಾರೆ. ಅಷ್ಟೂ ಜನ ಅಕ್ಷತೆ ಹಿಡಿದ ಕೈ ಎತ್ತಿಕೊಂಡು ಹಾಗೇ ನಿಂತಿದ್ದಾರೆ. ಮೋಹನ್ ಕುಮಾರ್ ನನ್ನ ಕಡೆ ಕಣ್ಣು ಬಿಡುತ್ತಿದ್ದಾನೆ. ಅದೇ ಹೊತ್ತಿಗೆ ಕೆಂಪಯ್ಯನವರ ಹೆಂಡತಿ ಚಿಕ್ಕಲಕ್ಷ್ಮಮ್ಮನವರಿಗೆ ಹೋಮದ ಹೊಗೆ ಮೂಗಿಗೆ ಹೋಗಿ, ಸೆರಗನ್ನು ಮೂಗಿಗೆ ಒತ್ತಿಕೊಂಡು, ಹಾ... ಹಾ... ಎಂದು ತಲೆ ಹಿಂದಕ್ಕೆ ಹೋಗುತ್ತಿದೆ.

ಚಿಕ್ಕಹನುಮಯ್ಯನವರು ಪುರೋಹಿತರ ಕೈ ನೋಡಿದರು, ಕೀಬೋರ್ಡು ನೋಡಿದರು. ಎದ್ದು ನಿಂತರು. ಬಲಗೈಯನ್ನು ಮೊಣಕೈಯಿಂದ ಬೆರಳತುದಿಯವರೆಗೆ ಹಾಗೇ ಕೀಗಳ ಮೇಲೆ ಬೀಳಿಸಿದರು. ಇಪ್ಪತ್ತು ನಾದಸ್ವರ ಒಟ್ಟಿಗೆ ಕಿರುಚಿದವು. ಎಡಗೈಯನ್ನು ಮುಷ್ಟಿ ಕಟ್ಟಿ ಡೋಲು ತಾಳದ ಕೀಗಳ ಮೇಲೆ ಗುದ್ದತೊಡಗಿದರು. ಗುದ್ದು ಅಂದರೆ ಗುದ್ದು. ನಾನು ಮಿಕ್ಸರಿನಲ್ಲಿ ಇದ್ದಬದ್ದ ಶಬ್ದವನ್ನೆಲ್ಲ ಮೇಲಕ್ಕೆ ತಳ್ಳಿದೆ. ಛತ್ರದ ಕಿಟಕಿ ಗಾಜುಗಳು ಝಲ್ಲೆಂದವು. ಚಿಕ್ಕಲಕ್ಷ್ಮಮ್ಮನವರು ಸೀನಿದರು. ಭುಜ ಎಗರಿದ್ದು, ಸೆರಗು ಹಾರಿದ್ದು ನನಗೆ ಕಾಣಿಸಿತು. ಸದ್ದು ಮಾತ್ರ ದೇವರಾಣೆಗೂ ಕೇಳಿಸಲಿಲ್ಲ. ತಾಳಿ ಬಿತ್ತು, ಮೂರು ಗಂಟು ಬಿತ್ತು, ಅಕ್ಷತೆ ಬಿತ್ತು. ಅಲ್ಲಿಯವರೆಗೂ ಆ ಅರವತ್ತಾರು ವರ್ಷದ ಮನುಷ್ಯ ಗುದ್ದುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಕೂತು, ಶಲ್ಯ ಸರಿ ಮಾಡಿಕೊಂಡು, ಆನಂದಭೈರವಿ ಶುರು ಮಾಡಿದರು. ಎರಡು ಕೀ ಮೇಲಕ್ಕೇ ಬರುತ್ತಿರಲಿಲ್ಲ. ಆ ಎರಡು ಸ್ವರವನ್ನು ಬಿಟ್ಟುಬಿಟ್ಟು ನುಡಿಸಿದರು. ಯಾರು ಕೇಳುತ್ತಾರೆ? ಎಲ್ಲರೂ ಫೋಟೋ ಸಾಲಿನಲ್ಲಿ ನಿಂತಿದ್ದರು.

ನಾನು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. "ಅಣ್ಣಾ, ಆ ಸಿಂಕ್ ನಾನು ಹಾಕಿದ್ದು. ತಾಳ ಮುರಿಬಾರ್ದು ಅಂತಿದ್ರಲ್ಲ, ಅದಕ್ಕೆ."

ನುಡಿಸುವುದನ್ನು ನಿಲ್ಲಿಸದೆ, ನನ್ನ ಕಡೆ ತಿರುಗದೆ ಹೇಳಿದರು. "ಮೂವತ್ತೈದು ವರ್ಷ ಮದ್ವೆ ಮನೇಲಿ ಇದ್ದು ಗಟ್ಟಿಮೇಳಕ್ಕೆ ತಾಳ ಕಾಯಿಸ್ತೀಯಲ್ಲೋ. ನಿನ್ ತಲೇಲಿ ಇರೋದು ವೈರಾ, ಹುಲ್ಲಾ?"

ಬಾಯಿಗೆ ಬಂತು. ನುಂಗಿಕೊಂಡೆ. ತಪ್ಪು ನನ್ನದಲ್ಲವೇ. ನನ್ನ ಜೀವಮಾನದಲ್ಲಿ ಮಾತು ನುಂಗಿಕೊಂಡಿದ್ದು ಅಪರೂಪ.

ಊಟದ ಎರಡನೇ ಪಂಕ್ತಿಯ ಹೊತ್ತಿಗೆ ಮೋಹನ್ ಕುಮಾರ್ ಬಂದ. ಹಿಂದೆ ಕೋಲೂರಿಕೊಂಡು ಕೆಂಪಯ್ಯನವರು. ಬೇರೆಯವರಿಗೆ ವೀಳ್ಯ ಎಂದು ಹೇಳಲು ಬಂದಿದ್ದಾನೆ ಎಂದುಕೊಂಡು, ತಪ್ಪು ನನ್ನದು ಎಂದು ಹೇಳಲು ನಾನು ಎದ್ದು ನಿಂತೆ. ಅವನು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಹನುಮಯ್ಯನೋರೇ, ತಲೆ ಸುತ್ ಬಂದು ಕೀಬೋರ್ಡ್ ಮೇಲೆ ಬಿದ್ರೇನೋ ಅಂದ್ಕೊಂಡೆ. ನೋಡಿದ್ರೆ, ಏನ್ ಗಟ್ಟಿಮೇಳ ರೀ ಅದು! ಬೀಗ್ರು ಬೆಚ್ಚಿಬಿದ್ರು. ಅವ್ರ ಸೋದರಮಾವ ಎದೆ ಹಿಡ್ಕೊಂಡು ಕೂತ್ಬಿಟ್ರು. ಗೃಹಪ್ರವೇಶಕ್ಕೂ ನೀವೇ ಬನ್ನಿ."

ನನಗೆ ಹೋದ ಜೀವ ಬಂತು. ಚಿಕ್ಕಹನುಮಯ್ಯನವರು ಕೇಳಿದರು, "ಬೇಗಡೆ ಹೆಂಗಿತ್ತು?"

"ಯಾವ್ದು?"

"ಧಾರೆ ಟೈಮಲ್ಲಿ ನುಡಿಸಿದ್ದು."

"ಅದಾ? ಚೆನ್ನಾಗಿತ್ತು, ಚೆನ್ನಾಗಿತ್ತು. ಆದ್ರೆ ಇದು ಸೂಪರ್. ಗೃಹಪ್ರವೇಶದಲ್ಲಿ ಹಾಲು ಉಕ್ಕೋವಾಗ ಇದನ್ನೇ ಹೊಡೀರಿ. ಹಿಂಗೇ, ಮೊಣಕೈಯಲ್ಲಿ."

"ಆಗಲ್ಲ," ಎಂದರು ಇವರು.

ನನ್ನ ರಕ್ತ ಕುದಿಯಿತು. ಸೈಕಲ್ ಪಂಪು ಹೊಡೆದು, ಜಾಗ ಕೊಟ್ಟು, ನವಿಲಿನ ಜೊತೆ ಜಗಳ ಕಾದು ಇಲ್ಲಿಯವರೆಗೆ ತಂದರೆ, ಕೈಗೆ ಬಂದದ್ದನ್ನು ಎತ್ತಿ ಬಿಸಾಡುತ್ತಿದ್ದಾರೆ! "ಅಣ್ಣಾ, ಹೂಂ ಅನ್ನಿ, ಆಮೇಲೆ ನೋಡ್ಕೊಳೋಣ," ಎಂದು ಶಲ್ಯ ಹಿಡಿದು ಎಳೆದೆ. ಕೈ ಒದರಿಕೊಂಡರು.

"ಗಟ್ಟಿಮೇಳ ಇರೋದು ತಾಳಿಗೆ. ಹಾಲು ಉಕ್ಕಿದ್ರೆ ಹೊಡಿಯೋದಲ್ಲ. ಬೇರೆ ಏನ್ ಬೇಕಾದ್ರೂ ನುಡಿಸ್ತೀನಿ, ಅದು ಮಾತ್ರ ಆಗಲ್ಲ. ಬೇಡ ಅಂದ್ರೆ ಬೇರೆಯೋರನ್ನ ಕರ್ಕೊಳ್ಳಿ."

ಮೋಹನ್ ಕುಮಾರನ ಮುಖ ಗಂಟಾಯಿತು. "ನೋಡಪ್ಪಾ, ಹಿಂಗಂತಾರೆ!" ಎಂದು ಅಪ್ಪನ ಕಡೆ ತಿರುಗಿದ. ಕೆಂಪಯ್ಯನವರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಂಚೆಯ ಮಡಿಕೆಯಿಂದ ಎಲೆ ಅಡಿಕೆ ತೆಗೆಯುತ್ತಿದ್ದರು. ತೆಂಗಿನಕಾಯಿಗೆ ಅತ್ತಿತ್ತ ನೋಡಿ, ಮಂಟಪದ ಕಳಸದ ಪಕ್ಕದಲ್ಲಿದ್ದ ಒಂದನ್ನು ಎತ್ತಿಕೊಂಡು ಬಂದರು.

"ಅವ್ನು ಅಂದಿದ್ದೇ ಸರಿ ಕಣೋ ಮೋಹನ. ಹಾಲಿಗೆ ಯಾವನ್ಲಾ ಗಟ್ಟಿಮೇಳ ಹೊಡಿತಾನೆ? ಹಿಡಿ ಹನುಮಯ್ಯ, ಹದಿನಾಕ್ನೇ ತಾರೀಕು. ಆ ಧಾರೇಲಿ ನುಡಿಸ್ದಲ್ಲ, ಅದ್ನ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನುಡಿಸು."

ಚಿಕ್ಕಹನುಮಯ್ಯನವರು ಎದ್ದು, ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡೂ ಕೈಯಲ್ಲಿ ವೀಳ್ಯ ಹಿಡಿದರು. ಬಲ ಮೊಣಕೈಯ ಹತ್ತಿರ ಚರ್ಮ ಕಿತ್ತು ರಕ್ತ ಒಣಗಿತ್ತು.

ಟೆಂಪೋದಲ್ಲಿ ವಾಪಸು ಬರುವಾಗ ಕೀಬೋರ್ಡನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತೆಂಗಿನಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂತಿದ್ದರು. ಹೆಗ್ಗನಹಳ್ಳಿ ಕ್ರಾಸಿನಲ್ಲಿ ಇಳಿಯುವಾಗ ಹೇಳಿದರು:

"ಆ ಎರಡು ಕೀ ಸರಿ ಮಾಡು. ಆ ಸಿಂಕ್ ಗುಂಡಿ ಮೇಲೆ ಟೇಪ್ ಸುತ್ತು."

ಸುತ್ತಿದ್ದೇನೆ. ಒಂದಲ್ಲ, ಮೂರು ಪದರ. ಕೀಗಳ ಸ್ಪೇರ್ ಮಾತ್ರ ಎಲ್ಲೂ ಸಿಗುತ್ತಿಲ್ಲ. ಹದಿನಾಲ್ಕನೇ ತಾರೀಖಿಗೆ ಇನ್ನು ಒಂಬತ್ತು ದಿನ. ಅವರು ದಿನವೂ ಹತ್ತು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತು, "ಇನ್ನೂ ಆಗ್ಲಿಲ್ವೇನೋ?" ಎನ್ನುತ್ತಾರೆ.